ಹಿತವಾಗಿ ಕೇಳಿಸುವುದಕ್ಕೆ ಬೇಕಾದ ದುಡಿಮೆ: ಹಳೆಯ ಲ್ಯಾಟಿನ್ ಬಿಗ್ ಬ್ಯಾಂಡ್‌ಗಳ ಬಗ್ಗೆ

1955ರಲ್ಲಿ ಪೆರೆಸ್ ಪ್ರಾಡೊ ವಾದ್ಯವೃಂದದ ‘ಚೆರ್ರಿ ಪಿಂಕ್ ಆ್ಯಂಡ್ ಆ್ಯಪಲ್ ಬ್ಲಾಸಮ್ ವೈಟ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 10 ವಾರ ಜಗ್ಗದೆ ಕೂತಿತ್ತು. ಅದರಲ್ಲಿ ಹಾಡುವವರಿಲ್ಲ, ಬರೀ ವಾದ್ಯ. ಮೂಲ ಒಂದು ಫ್ರೆಂಚ್ ಹಾಡು. ಅದನ್ನು ಚಾ-ಚಾ ಎಂಬ ಕ್ಯೂಬಾದ ಕುಣಿತದ ನಡೆಗೆ ಕೂರಿಸಿದವರು ಕ್ಯೂಬಾದ ಮಟಾನ್ಸಾಸ್‌ನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ಹೆಸರು ಮಾಡಿದ ಪ್ರಾಡೊ. ಜನ ಇವತ್ತಿಗೂ ಅದನ್ನು ಗುರುತಿಸುವುದು ಒಂದೇ ಒಂದು ಗಳಿಗೆಯಿಂದ. ಟ್ರಂಪೆಟ್ ನುಡಿಸುವ ಬಿಲ್ಲಿ ರೆಜಿಸ್ ಒಂದು ಸ್ವರವನ್ನು ಹಿಡಿದು ಕೆಳಕ್ಕೆ ಜಾರಿಸುತ್ತಾರೆ, ಆ ಹೊತ್ತು ಇಡೀ ವೃಂದ ಉಸಿರು ಬಿಗಿಹಿಡಿದು ಕಾಯುತ್ತದೆ, ಸ್ವರ ಮತ್ತೆ ಮೇಲೆದ್ದು ತನ್ನ ಜಾಗಕ್ಕೆ ಬಂದ ಮೇಲೆಯೇ ಗಾಡಿ ಮುಂದಕ್ಕೆ ಹೊರಡುವುದು.

ಆ ಜಾರಿಕೆ ತಮಾಷೆಯಾಗಿ ಕೇಳಿಸುತ್ತದೆ, ನಿಜ. ಆದರೆ ಅದು ಹಾಗೆ ಕೇಳಿಸಬೇಕಾದರೆ ಹಿಂದಿನ ಲಯ ಗಡಿಯಾರದಂತೆ ಬಿಗಿಯಾಗಿರಬೇಕು. ಲಯ ಮೊದಲೇ ಅಲ್ಲಾಡುತ್ತಿದ್ದರೆ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ರೆಕಾರ್ಡ್ ಅಂಗಡಿಗಳು ‘ಈಸಿ ಲಿಸನಿಂಗ್’ (ಹಗುರವಾಗಿ ಕೇಳುವಂಥದ್ದು) ಎಂದು ಹಣೆಪಟ್ಟಿ ಹಚ್ಚಿ ಮೂಲೆಗೆ ತಳ್ಳಿದ ಈ ಸಂಗೀತ ಇಷ್ಟು ವರ್ಷ ಬಾಳಿ ಬಂದಿರುವುದಕ್ಕೆ ಹಳೆಯ ಕಾಲದ ಹಂಬಲವೊಂದೇ ಕಾರಣ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೇಲೆ ಮೆತ್ತನೆಯ ಹೊದಿಕೆ, ಒಳಗೆ ಸಡಿಲವೇ ಇಲ್ಲದ ಯಂತ್ರ. ಪ್ರತಿ ವಾದ್ಯಕ್ಕೂ ಕಾಲದಲ್ಲಿ ಒಂದು ಗೊತ್ತಾದ ಮನೆ, ಸ್ಥಾಯಿಯಲ್ಲಿ ಒಂದು ಗೊತ್ತಾದ ಮನೆ. ಯಾರೂ ಇನ್ನೊಬ್ಬರ ಮನೆಗೆ ನುಗ್ಗುವುದಿಲ್ಲ. ಹದಿನೆಂಟು ಇಪ್ಪತ್ತು ಜನ ಒಟ್ಟಿಗೆ ನುಡಿಸಿದರೂ ಕಿವಿಗೆ ಭಾರವಾಗದಿರುವುದರ ಗುಟ್ಟು ಅದೇ.

ಆ ಯಂತ್ರವನ್ನು ಬಿಚ್ಚಿ ನೋಡೋಣ. ಚಾ-ಚಾದ ಒಂದು ಆವರ್ತವನ್ನು ನಾಲ್ಕು ಎಣಿಕೆ ಎಂದುಕೊಂಡು, ಪ್ರತಿ ಎಣಿಕೆಯನ್ನೂ ಎರಡಾಗಿ ಸೀಳಿದರೆ ಎಂಟು ಮನೆಗಳಾಗುತ್ತವೆ. ಟಿಂಬಾಲೆ, ಅಂದರೆ ಕಡ್ಡಿಯಿಂದ ಬಡಿಯುವ ಜೋಡಿ ಲೋಹದ ಡೋಲು, ನುಡಿಸುವವರ ಚಿಕ್ಕ ಗಂಟೆ 1, 3, 5, 7ರಲ್ಲಿ ಬೀಳುತ್ತದೆ, ಅಲಂಕಾರವೇನೂ ಇಲ್ಲ. ಗುಯಿರೊ, ಅಂದರೆ ಮೈಮೇಲೆ ಅಡ್ಡ ಗೀರುಗಳಿರುವ ಒಣ ಸೋರೆಬುರುಡೆ, 1ರಲ್ಲಿ ಶುರುವಾಗಿ 2ನ್ನೂ ತುಂಬುವ ಹಾಗೆ ಒಂದು ಉದ್ದ ಎಳೆತ, 3 ಮತ್ತು 4ರಲ್ಲಿ ಎರಡು ಚುಟುಕು ಎಳೆತ. 5ರಿಂದ ಮತ್ತೆ ಅದೇ. ಕೈಯಿಂದ ಬಡಿಯುವ ಎತ್ತರದ ಡೋಲಾದ ಕಾಂಗಾದವರು ಎಡಗೈ ಬೆರಳುಗಳನ್ನು ಸದ್ದಿಲ್ಲದಷ್ಟು ಮೆಲ್ಲಗೆ ಆಡಿಸುತ್ತ, 3ರಲ್ಲಿ ಒಂದು ಒಣ ಏಟು ಕೊಟ್ಟು, 7 ಮತ್ತು 8ರಲ್ಲಿ ತೊಗಲನ್ನು ಬಿಟ್ಟು ಎರಡು ತೆರೆದ ಪೆಟ್ಟು ಹಾಕುತ್ತಾರೆ. ನಾವು ‘ಚಾ-ಚಾ’ ಎಂದು ಮೈಯಲ್ಲಿ ಅನುಭವಿಸುವ ತಳ್ಳು ಬರುವುದು ಆ ಎರಡು ಪೆಟ್ಟಿನಿಂದ. ಚಿಕ್ಕ ಜೋಡಿ ಡೋಲಾದ ಬಾಂಗೊ ಎಂಟೂ ಮನೆಗಳಲ್ಲಿ ಚಟಪಟ ಎನ್ನುತ್ತಲೇ ಇದ್ದರೂ 1ರಲ್ಲಿ ಒತ್ತು ಕೊಟ್ಟು 7ರಲ್ಲಿ ದೊಡ್ಡ ಬಾಂಗೊಗೆ ಇಳಿಯುತ್ತದೆ. ಕೈಯಲ್ಲಿ ಅಲ್ಲಾಡಿಸುವ ಗಿಲಕಿ ಮರಾಕಾ ಎಂಟಕ್ಕೂ ಸಮನಾಗಿ ಹರಡಿಕೊಳ್ಳುತ್ತದೆ.

ತಗ್ಗು ಸ್ವರದ ಬೇಸ್ ವಾದ್ಯದ ಕೆಲಸ ಇನ್ನೂ ಜಾಣತನದ್ದು. ಮಾಂಬೊ ಎಂಬ ಚುರುಕು ಕುಣಿತದ ಸಂಗೀತದಲ್ಲಿ ಅದು 1ನ್ನು ಬಿಟ್ಟುಬಿಟ್ಟು 4 ಮತ್ತು 7ರಲ್ಲಿ ನುಡಿಯುತ್ತದೆ. 7ರಲ್ಲಿ ನುಡಿಯುವ ಸ್ವರ ಈಗಿನ ಸ್ವರಮೇಳದ್ದಲ್ಲ (ಸ್ವರಮೇಳ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಮುಂದಿನ ಆವರ್ತದ್ದು. ಅಂದರೆ ಬೇಸ್ ಯಾವಾಗಲೂ ಒಂದು ಎಣಿಕೆ ಮುಂಚಿತವಾಗಿಯೇ ಮುಂದಿನ ಮನೆಯ ಬಾಗಿಲು ತಟ್ಟಿರುತ್ತದೆ. ತಾಳದ ಆವರ್ತಕ್ಕೆ ಮುಂಚೆಯೇ ಹಾಡು ಎತ್ತಿಕೊಳ್ಳುವ ಅತೀತ ಎಡುಪಿನ ಅಭ್ಯಾಸವಿರುವ ಕಿವಿಗೆ ಇದು ತಕ್ಷಣ ಹಿಡಿಯುತ್ತದೆ. ನಿಧಾನ ನಡೆಯ ಬೊಲೆರೊದಲ್ಲಿ ಮಾತ್ರ ಬೇಸ್ ನೆಲ ಬಿಡುವುದಿಲ್ಲ: 1ರಲ್ಲಿ ಒಂದು ಉದ್ದ ಸ್ವರ, 5 ಮತ್ತು 7ರಲ್ಲಿ ಎರಡು ಗಿಡ್ಡ ಸ್ವರ. ಚಾ-ಚಾಗೆ ಎರಡು ರೀತಿಯೂ ಸಲ್ಲುತ್ತದೆ. ಊಟದ ಕೋಣೆಗೆ ನುಡಿಸುವ ವೃಂದಗಳು ಬೊಲೆರೊದ ರೀತಿಯನ್ನೇ ಹಿಡಿದವು, ಕುಣಿಯುವ ಕೋಣೆಯವು ಇನ್ನೊಂದನ್ನು.

ಈಗ ಕ್ಲಾವೆಗೆ ಬರೋಣ. ಎರಡು ಮರದ ಕಡ್ಡಿಗಳು, ಎರಡು ಆವರ್ತ, 16 ಮನೆ, ಐದೇ ಪೆಟ್ಟು: 1, 4, 7, 11, 13. ಮೊದಲ ಆವರ್ತದಲ್ಲಿ ಮೂರು, ಎರಡನೆಯದರಲ್ಲಿ ಎರಡು. ಇದನ್ನೇ ತಿರುಗಿಸಿ ಎರಡು-ಮೂರು ಎಂದೂ ಹಿಡಿಯಬಹುದು, ಆದರೆ ಒಮ್ಮೆ ಹಿಡಿದ ಮೇಲೆ ಹಾಡು ಮುಗಿಯುವ ತನಕ ಬಿಡುವ ಹಾಗಿಲ್ಲ. ರಾಗದ ಸಾಲು ಮೊದಲ ಆವರ್ತದಲ್ಲಿ ಎಣಿಕೆಗಳ ನಡುವೆ ನುಸುಳಿ, ಎರಡನೆಯದರಲ್ಲಿ ಎಣಿಕೆಯ ಮೇಲೆ ನೇರ ಕೂತರೆ ಅದು ಮೂರು-ಎರಡಕ್ಕೆ ಒಗ್ಗುವ ಸಾಲು. ವಾದ್ಯಸಂಯೋಜಕ ನಡುವೆ ಒಂದೇ ಒಂದು ಆವರ್ತದ ನಿಲುಗಡೆ ತುರುಕಿದರೆ ಅಲ್ಲಿಂದ ಮುಂದೆ ರಾಗ ಒಂದು ಕಡೆ, ಕ್ಲಾವೆ ಇನ್ನೊಂದು ಕಡೆ. ಕ್ಯೂಬಾದ ವಾದಕರಿಗೆ ಇದು ಹಲ್ಲಿನಡಿ ಕಲ್ಲು ಸಿಕ್ಕಂತೆ. ನ್ಯೂಯಾರ್ಕ್ ಮತ್ತು ಲಂಡನ್‌ನ ಹೋಟೆಲ್ ವೃಂದಗಳ ಮುದ್ರಿಕೆಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ. ಏಕೆಂದರೆ ಅವರು ಕೈಗೆತ್ತಿಕೊಂಡದ್ದು ಹೆಚ್ಚಾಗಿ ಬ್ರಾಡ್‌ವೇ ಮತ್ತು ಸಿನಿಮಾ ಹಾಡುಗಳನ್ನು, ಆ ರಾಗಗಳು ಕ್ಲಾವೆಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವಲ್ಲ. ಜಾಣ ಸಂಯೋಜಕರು ಇಂಥ ಕಡೆ ಕ್ಲಾವೆಯನ್ನೇ ಕೈಬಿಟ್ಟು ಗಂಟೆ, ಗುಯಿರೊ, ಕಾಂಗಾಗಳನ್ನಷ್ಟೇ ಇಟ್ಟುಕೊಂಡರು. ನನ್ನ ಲೆಕ್ಕದಲ್ಲಿ ಅದೇ ಸರಿ. ಅಡ್ಡ ಬಿದ್ದ ಕ್ಲಾವೆಗಿಂತ ಇಲ್ಲದ ಕ್ಲಾವೆ ವಾಸಿ. ಚಾ-ಚಾ ಈ ಹೋಟೆಲ್ ವೃಂದಗಳಿಗೆ ಇಷ್ಟು ಒಗ್ಗಿದ್ದೂ ಅದಕ್ಕೇ. ಪ್ರತಿ ಎಣಿಕೆಗೂ ಗಂಟೆ ಬೀಳುವುದರಿಂದ ಯಾವ ರಾಗವನ್ನು ತಂದು ಕೂರಿಸಿದರೂ ಅದು ಹೆಚ್ಚು ತಕರಾರು ಮಾಡುವುದಿಲ್ಲ.

ಇದೆಲ್ಲ ಬೆಳೆದು ಬಂದ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1930ರಲ್ಲಿ ಡಾನ್ ಆಸ್ಪಿಯಾಸು ಅವರ ಹವಾನಾ ಕ್ಯಾಸಿನೊ ವೃಂದ ನ್ಯೂಯಾರ್ಕ್‌ನಲ್ಲಿ, ಆಂಟೊನಿಯೊ ಮಚಿನ್ ಅವರ ಗಾಯನದೊಂದಿಗೆ, ‘ಎಲ್ ಮನಿಸೆರೊ’ ಮುದ್ರಿಸಿತು. ಅಮೆರಿಕದಲ್ಲಿ ರುಂಬಾ ಕುಣಿತದ ಹುಚ್ಚು ಹತ್ತಿದ್ದು ಅಲ್ಲಿಂದ. ಅದೇ ದಶಕದಲ್ಲಿ ಸ್ಪೇನಿನ ಹಿರೋನಾದಲ್ಲಿ ಹುಟ್ಟಿ ಹವಾನಾದಲ್ಲಿ ಬೆಳೆದ ಪಿಟೀಲು ವಾದಕ ಹಾವಿಯೆರ್ ಕುಗಾಟ್ ನ್ಯೂಯಾರ್ಕ್‌ನ ವಾಲ್ಡಾರ್ಫ್-ಆಸ್ಟೋರಿಯಾ ಹೋಟೆಲಿನಲ್ಲಿ ನೆಲೆಯೂರಿದರು. 1940ರಲ್ಲಿ ಮಚಿಟೊ ತಮ್ಮ ಆಫ್ರೋ-ಕ್ಯೂಬನ್ಸ್ ವೃಂದ ಕಟ್ಟಿದರು, ಮಾರಿಯೊ ಬೌಸಾ ಅದಕ್ಕೆ ಜಾಸ್ ಬಿಗ್ ಬ್ಯಾಂಡಿನ ಹಿತ್ತಾಳೆ ಬಲವನ್ನು ಕೂಡಿಸಿದರು. 1949ರ ಸುಮಾರಿಗೆ ಮೆಕ್ಸಿಕೊದಿಂದ ಪ್ರಾಡೊ ಮಾಂಬೊ ಹಬ್ಬಿತು. 1950ರ ದಶಕದ ಆರಂಭದಲ್ಲಿ ಹವಾನಾದ ಎನ್ರಿಕೆ ಹೊರಿನ್ ಮಾಂಬೊದ ಕಸರತ್ತು ಕುಣಿಯುವವರಿಗೆ ಕಷ್ಟವೆಂದು ಕಂಡು ಅದನ್ನು ಸರಳಗೊಳಿಸಿ ಚಾ-ಚಾ-ಚಾ ಕೊಟ್ಟರು. 1958ರಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೊ ಎಲ್‌ಪಿ (ಉದ್ದ ಹೊತ್ತು ನುಡಿಯುವ ಗ್ರಾಮಫೋನ್ ತಟ್ಟೆ) ಮಾರುಕಟ್ಟೆಗೆ ಬಂತು. ಆ ಮೇಲಿನ ಐದಾರು ವರ್ಷವೇ ನಾವಿಲ್ಲಿ ಮಾತಾಡುತ್ತಿರುವ ಸಂಗೀತದ ತುಂಬು ಹರೆಯ.

ಕುಗಾಟ್ ಅವರ ಮೆದುತನಕ್ಕೆ ಒಂದು ನೆಲದ ಕಾರಣವಿತ್ತು. ಊಟ ಮಾಡುತ್ತ ಮಾತಾಡುವವರ ಕೋಣೆಯಲ್ಲಿ ನಾಲ್ಕು ಟ್ರಂಪೆಟ್ ಬಾಯಿ ತೆರೆದು ಕೂಗಿದರೆ ಮಾರನೆಯ ದಿನ ಕೆಲಸವಿರುವುದಿಲ್ಲ. ಹಾಗಾಗಿ ಅವರು ರಾಗವನ್ನು ಪಿಟೀಲುಗಳಿಗೂ ಮರದ ಪಟ್ಟಿಗಳ ವಾದ್ಯ ಮರಿಂಬಾಗೂ ಕೊಟ್ಟು, ಹಿತ್ತಾಳೆ ವಾದ್ಯಗಳ ಬಾಯಿಗೆ ಸದ್ದು ತಗ್ಗಿಸುವ ಬಿರಟೆ, ಅಂದರೆ ಮ್ಯೂಟ್, ತುರುಕಿದರು. ಆದರೆ ಸದ್ದು ಇಳಿಸುವಾಗ ಲಯವಾದ್ಯಗಳನ್ನು ಕಡಿಮೆ ಮಾಡಲಿಲ್ಲ. ಮರಾಕಾ, ಬಾಂಗೊ, ಕಾಂಗಾ ಎಲ್ಲವೂ ಮುಂದಿನ ಸಾಲಿನಲ್ಲೇ. ಈ ತಿರುವು ಮುಖ್ಯ. ಮಾಮೂಲಿ ನೃತ್ಯವೃಂದದಲ್ಲಿ ರಾಗ ಮುಂದೆ, ಲಯ ಹಿಂದೆ. ಇಲ್ಲಿ ರಾಗ ಪರದೆಯಂತೆ ತೆಳ್ಳಗೆ, ಲಯ ಅದರಾಚೆ ಸ್ಪಷ್ಟ. ಸಣ್ಣ ಸದ್ದಿನಲ್ಲಿ ಹಾಕಿದರೂ ಈ ಮುದ್ರಿಕೆಗಳು ಸಪ್ಪೆಯಾಗದಿರುವುದು ಇದರಿಂದಲೇ. ಕಿವಿ ಸಣ್ಣ ಸದ್ದಿನಲ್ಲಿ ಮೊದಲು ಕಳೆದುಕೊಳ್ಳುವುದು ತಗ್ಗು ಸ್ವರಗಳನ್ನು. ಮರಾಕಾ, ಗುಯಿರೊ, ಗಂಟೆಗಳು ಇರುವುದು ಅದಕ್ಕಿಂತ ಎಷ್ಟೋ ಮೇಲೆ.

ಪ್ರಾಡೊ ಹಿಡಿದದ್ದು ಪೂರಾ ಎದುರು ದಾರಿ. ಅವರು ನಡುವಿನ ಸ್ಥಾಯಿಯನ್ನೇ ಖಾಲಿ ಬಿಟ್ಟರು. ಸ್ಯಾಕ್ಸೊಫೋನ್‌ಗಳೆಲ್ಲ ಕೆಳಗೆ ಒಂದೇ ಸ್ವರಸಾಲನ್ನು ಒರಟಾಗಿ ಉಜ್ಜುತ್ತವೆ, ಟ್ರಂಪೆಟ್‌ಗಳು ಮೇಲೆ ತುದಿಯಲ್ಲಿ ಚೀರುತ್ತವೆ, ನಡುವೆ ಹಾದಿ ಬಯಲು. ಆ ಬಯಲಿನಲ್ಲಿ ಗಂಟೆ, ಕಾಂಗಾ ಮತ್ತು ‘ದಿಲೋ’ ಎಂದು ಅವರು ಹಾಕುವ ಹೂಂಕಾರ. ಹೂಂಕಾರವನ್ನು ಜನ ವಿನೋದವೆಂದೇ ತಿಳಿದರೂ, ಹಿತ್ತಾಳೆ ಸಾಲು ಒಳಗೆ ಬರುವ ಮುನ್ನ ಬೀಳುವ ಸನ್ನೆಯಂತೆಯೂ ಅದು ಕೆಲಸ ಮಾಡುತ್ತದೆ. 1958ರ ‘ಪೆಟ್ರೀಷಿಯಾ’ದಲ್ಲಿ ಇದೇ ಬಯಲಿಗೆ ಆರ್ಗನ್ ತಂದು ಕೂರಿಸಿದರು. ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಎರಡು ವರ್ಷದ ಮೇಲೆ ಇಟಲಿಯ ನಿರ್ದೇಶಕ ಫೆಲ್ಲಿನಿಯ ಸಿನಿಮಾ ‘ಲಾ ದೋಲ್ಚೆ ವಿತಾ’ದಲ್ಲೂ ಕೇಳಿಸಿತು.

ಲಂಡನ್ನಿನ ಎಡ್ಮುಂಡೊ ರಾಸ್ ಬೇರೆಯೇ ಬಗೆ. ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ 1910ರಲ್ಲಿ ಹುಟ್ಟಿ, 2011ರಲ್ಲಿ 100 ದಾಟಿ ತೀರಿಕೊಂಡ ಮನುಷ್ಯ. 1951ರಿಂದ ರೀಜೆಂಟ್ ಸ್ಟ್ರೀಟಿನ ಕ್ಲಬ್ ಅವರದೇ ಆಗಿತ್ತು, ಮುದ್ರಿಕೆಗಳು ಡೆಕ್ಕಾ ಕಂಪನಿಯವು. ಅವರ ಗುಣ ನಿಯತ್ತು: ಹಾಡು ಯಾವುದೇ ಇರಲಿ, ಶುರುವಿನ ವೇಗವೇ ಕೊನೆಯ ವೇಗ. ಕುಣಿಯುವವರಿಗೆ ಬೇಕಾದದ್ದೇ ಅದು. ಇಂದಿನ ಸ್ಪರ್ಧಾ ನೃತ್ಯದ ನಿಯಮ ನೋಡಿದರೆ ನಿಮಿಷಕ್ಕೆ ರುಂಬಾ 25ರಿಂದ 27 ಆವರ್ತ, ಚಾ-ಚಾ 30ರಿಂದ 32, ಸಾಂಬಾ 50ರಿಂದ 52. ಚಾ-ಚಾಗೆ ನಾಲ್ಕೆಣಿಕೆ ಅಂದರೆ 120ರಿಂದ 128 ಎಣಿಕೆ. ಈ ಕಿಂಡಿ ಎಷ್ಟು ಸಣ್ಣದು ನೋಡಿ! ನಿಮಿಷಕ್ಕೆ 140 ಎಣಿಕೆಗೆ ಓಡಿಸಿದರೆ ಗುಯಿರೊದ ಉದ್ದ ಎಳೆತಕ್ಕೆ ಜಾಗ ಸಾಲದೆ ಮೂರೂ ಎಳೆತ ಒಂದೇ ಅಳತೆಯಾಗುತ್ತವೆ, ಚಾ-ಚಾ ಹೋಗಿ ಬರೀ ಗಡಿಬಿಡಿ ಉಳಿಯುತ್ತದೆ. 105ಕ್ಕೆ ಇಳಿಸಿದರೆ ಕಾಂಗಾದ 7-8ರ ತಳ್ಳು ಸೋತು ನೆಲ ಕಚ್ಚುತ್ತದೆ.

ಸ್ಟೀರಿಯೊ ಬಂದ ಮೇಲಿನ ಕಥೆ ಇನ್ನೂ ರಸವತ್ತಾದದ್ದು. ಹೊಸ ಯಂತ್ರಕ್ಕೆ ದುಡ್ಡು ಸುರಿದವನಿಗೆ ಎರಡು ಸ್ಪೀಕರ್ ಏಕೆ ಬೇಕು ಎಂದು ತೋರಿಸಬೇಕಾಗಿತ್ತು. ಸಿಂಫನಿ ವೃಂದದ ಸದ್ದು ಹರಡಿಕೊಂಡು ಬರುವಂಥದ್ದು, ಅದರಲ್ಲಿ ಎಡಬಲದ ಚಮತ್ಕಾರ ಅಷ್ಟು ಎದ್ದು ಕಾಣುವುದಿಲ್ಲ. ಆದರೆ ಬಾಂಗೊ, ಗಂಟೆ, ಗುಯಿರೊ, ಕ್ಲಾವೆಗಳು ಚುಚ್ಚಿದಂತೆ ಶುರುವಾಗಿ ತಟ್ಟನೆ ನಿಲ್ಲುವ ಸದ್ದುಗಳು. ಒಂದು ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ತೀರ್ಮಾನಿಸುವುದು ಅಂಥ ಮೊನೆಯಿಂದಲೇ. ಎನೊಕ್ ಲೈಟ್ 1959ರಲ್ಲಿ ಶುರುಮಾಡಿದ ಕಮಾಂಡ್ ರೆಕಾರ್ಡ್ಸ್ ಇದನ್ನೇ ಬಂಡವಾಳ ಮಾಡಿಕೊಂಡಿತು: ಎಡಗಡೆ ಬಾಂಗೊ ಕೇಳಿದರೆ ಬಲಗಡೆ ಉತ್ತರ. 1961ರಲ್ಲಿ ಅವರು ಟೇಪು ಬಿಟ್ಟು ಸಿನಿಮಾದವರ 35 ಮಿ.ಮೀ. ಕಾಂತೀಯ ಫಿಲ್ಮಿನ ಮೇಲೆ ಮುದ್ರಿಸತೊಡಗಿದರು. ಫಿಲ್ಮಿನ ಅಂಚಿನ ತೂತುಗಳಿಗೆ ಹಲ್ಲುಚಕ್ರ ಸಿಕ್ಕಿಕೊಳ್ಳುವುದರಿಂದ ಅದು ಜಗ್ಗುವುದಿಲ್ಲ, ಜಾರುವುದಿಲ್ಲ. ಹಾಗಾಗಿ ಉದ್ದ ಸ್ವರಗಳು ನಡುಗುವುದಿಲ್ಲ. ಮೈ ದಪ್ಪವಿರುವುದರಿಂದ ಸುರುಳಿಯಲ್ಲಿ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಂಡು ಮುಂಚಿತವಾಗಿ ಪಿಸುಗುಡುವುದೂ ಕಡಿಮೆ. ಟ್ರ್ಯಾಕಿನ ಅಗಲ ಹೆಚ್ಚಾದಷ್ಟೂ ಹಿನ್ನೆಲೆಯ ‘ಹಿಸ್’ ಎಂಬ ಸದ್ದು ಇಳಿಯುತ್ತದೆ.

ಮೆಕ್ಸಿಕೊದ ಟಾಂಪಿಕೊದಲ್ಲಿ 1918ರಲ್ಲಿ ಹುಟ್ಟಿದ ಹುವಾನ್ ಗಾರ್ಸಿಯಾ ಎಸ್ಕಿವೆಲ್ ಇದನ್ನು ಹುಚ್ಚಿನ ಅಂಚಿಗೇ ಒಯ್ದರು. 1962ರ ‘ಲ್ಯಾಟಿನ್-ಎಸ್ಕ್’ ಮುದ್ರಿಕೆಗೆ ಆರ್‌ಸಿಎ ಕಂಪನಿಯ ಹಾಲಿವುಡ್ ಸ್ಟುಡಿಯೊಗಳಲ್ಲಿ ವೃಂದವನ್ನು ಎರಡು ಪಾಲು ಮಾಡಿ, ಎರಡು ಬೇರೆ ಬೇರೆ ಸ್ಟುಡಿಯೊಗಳಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ಒಟ್ಟಿಗೆ ನುಡಿಸುವಂತೆ ಮಾಡಿದರು. ಒಂದೇ ಕೋಣೆಯಲ್ಲಿದ್ದರೆ ಎಡಗಡೆಯ ಟ್ರಂಪೆಟ್ ಬಲಗಡೆಯ ಮೈಕಿಗೂ ಸೋರುತ್ತದೆ. ಗೋಡೆ, ಬೀದಿ ಅಡ್ಡವಿದ್ದರೆ ಸೋರುವ ಪ್ರಶ್ನೆಯೇ ಇಲ್ಲ. ಅವರ ಸಂಯೋಜನೆಗಳಲ್ಲಿ ಗಾಯಕವೃಂದ ‘ಝು ಝು’ ಎಂದು ಅರ್ಥವಿಲ್ಲದ ಅಕ್ಷರ ಹಾಡುತ್ತಿರುತ್ತದೆ, ಸ್ಲೈಡ್ ಗಿಟಾರ್ ಜಾರಿ ಹೋಗುತ್ತದೆ, ಮೆಲ್ಲಗಿನ ಪಿಯಾನೊದ ಬೆನ್ನಿಗೇ ಹಿತ್ತಾಳೆ ಸಿಡಿಯುತ್ತದೆ. ಹಿತಕ್ಕೆಂದು ಹಾಕಿಕೊಂಡವರು ಬೆಚ್ಚಿಬೀಳುವುದೂ ಉಂಟು. 1990ರ ದಶಕದ ನಡುವಿನಲ್ಲಿ ಇದೆಲ್ಲ ಸಿ.ಡಿ.ಗಳಲ್ಲಿ ಮತ್ತೆ ಹೊರಬಂದಾಗ ಹೊಸ ಪೀಳಿಗೆ ಮೊದಲು ಮುಗಿಬಿದ್ದದ್ದು ಎಸ್ಕಿವೆಲ್ ಮೇಲೆಯೇ.

ಕೇಳುವ ವಿಷಯಕ್ಕೆ ಬಂದರೆ, ಈ ಚಮತ್ಕಾರಕ್ಕೆ ತೆರಬೇಕಾದ ಬೆಲೆಯೂ ಇದೆ. ಬಾಂಗೊ ಪೂರ್ತಿ ಎಡಗಡೆಗೂ ಟ್ರಂಪೆಟ್ ಪೂರ್ತಿ ಬಲಗಡೆಗೂ ಇರುವ ಮುದ್ರಿಕೆಯನ್ನು ಹೆಡ್‌ಫೋನಿನಲ್ಲಿ ಅರ್ಧ ಗಂಟೆ ಕೇಳಿದರೆ ತಲೆ ಭಾರ. ಸಹಜವಾಗಿ ಎಡಗಡೆಯ ಸದ್ದು ಬಲಗಿವಿಗೂ ತುಸು ತಡವಾಗಿ, ತುಸು ಮಂಕಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ಅದು ತಲುಪುವುದೇ ಇಲ್ಲ. ಪ್ಲೇಯರ್‌ನಲ್ಲಿ ಕ್ರಾಸ್‌ಫೀಡ್ ಎಂಬ ಸೌಲಭ್ಯವಿದ್ದರೆ ಹಾಕಿಕೊಳ್ಳಿ. ಅದು ಸುಮಾರು 0.25 ಮಿಲಿಸೆಕೆಂಡ್ ತಡಮಾಡಿ, ಏರುದನಿ ಕತ್ತರಿಸಿ, ಒಂದು ಪಾಲನ್ನು ಆಚೆ ಕಿವಿಗೆ ಕಳಿಸುತ್ತದೆ. ಸ್ಪೀಕರ್ ಆದರೆ ಎರಡರ ನಡುವಿನ ಅಂತರವೂ ನಿಮಗೂ ಅವಕ್ಕೂ ಇರುವ ಅಂತರವೂ ಒಂದೇ ಇರಲಿ. ಎರಡು ಮೀಟರಿನ ಸಮತ್ರಿಕೋನ ಒಂದು ಸಾಮಾನ್ಯ ಕೋಣೆಗೆ ಸಾಕು. ಇನ್ನೂ ಅಗಲಕ್ಕೆ ಸರಿಸಿದರೆ ನಡುವೆ ಗುಂಡಿ ಬಿದ್ದು, ಬೇಸ್ ಎಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ.

ಹಳೆಯ ಗ್ರಾಮಫೋನ್ ತಟ್ಟೆಗಳನ್ನೇ ಹಾಕಿ ಕೇಳುವವರು ಮೊದಲು ಗಮನಿಸಬೇಕಾದದ್ದು ಹೊದಿಕೆಯ ಮೇಲಿನ ‘ಸ್ಟೀರಿಯೊ’ ಎಂಬ ಮಾತನ್ನು. 1955ರ ಹಾಡು ಸ್ಟೀರಿಯೊದಲ್ಲಿ ಸಿಕ್ಕರೆ ಸಾಮಾನ್ಯವಾಗಿ ಎರಡರಲ್ಲೊಂದು: ಅದು ಆಮೇಲೆ ಮತ್ತೆ ನುಡಿಸಿದ್ದು, ಇಲ್ಲವೇ ಎರಡೂ ಬದಿಗೆ ಒಂದೇ ಸದ್ದು ಕೊಡುವ ಮೊನೊವನ್ನು ಯಂತ್ರದಲ್ಲಿ ಸೀಳಿ ಮಾಡಿದ್ದು. ಪ್ರಾಡೊ ತಮ್ಮ ಜನಪ್ರಿಯ ಹಾಡುಗಳನ್ನು 1960ರ ಸುಮಾರಿಗೆ ಸ್ಟೀರಿಯೊಗಾಗಿ ಹೊಸದಾಗಿ ನುಡಿಸಿದರು. ಅವು ಚೆನ್ನಾಗಿಯೇ ಇವೆ, ಆದರೆ ಮೊದಲಿನವಲ್ಲ. ಯಂತ್ರದಲ್ಲಿ ಸೀಳಿದವನ್ನು ಮಾತ್ರ ಬಿಟ್ಟುಬಿಡಿ. ಒಂದು ಬದಿಗೆ ತಗ್ಗು, ಇನ್ನೊಂದಕ್ಕೆ ಏರು, ನಡುವೆ ಒಂದಿಷ್ಟು ವಿಳಂಬ. ಗುಯಿರೊ ಒಂದು ಗೋಡೆಯಲ್ಲಿ, ಕಾಂಗಾ ಇನ್ನೊಂದು ಗೋಡೆಯಲ್ಲಿ. ಅಂಥ ತಟ್ಟೆಯೇ ಗತಿಯೆಂದಾದರೆ ಎರಡು ಬದಿಗಳನ್ನು ಕೂಡಿಸಿ ಮೊನೊ ಮಾಡಲು ಹೋಗಬೇಡಿ. ವಿಳಂಬವಿರುವ ಕಾರಣ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಕೊಂಡು ಟ್ರಂಪೆಟ್ ಡಬ್ಬದೊಳಗಿಂದ ಬಂದಂತಾಗುತ್ತದೆ. ಯಾವ ಬದಿ ವಾಸಿಯೋ ಅದೊಂದನ್ನೇ ಎರಡೂ ಸ್ಪೀಕರಿಗೆ ಕೊಡಿ.

ನಿಜವಾದ ಮೊನೊ ತಟ್ಟೆಗಾದರೆ ಕೂಡಿಸುವುದೇ ಮದ್ದು. ಮೊನೊ ತಟ್ಟೆಯ ಗ್ರೂವಿನಲ್ಲಿ, ಅಂದರೆ ಮುಳ್ಳು ಓಡುವ ಗೀರುಗಾಲುವೆಯಲ್ಲಿ, ಸಂಗೀತವಿರುವುದು ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗೆ ಆಡುವುದೆಲ್ಲ ದೂಳು, ಗೀರು, ತಿರುಗುಮಣೆಯ ಗುರುಗುಟ್ಟು. ಮೊನೊ ಗುಂಡಿ ಒತ್ತಿದರೆ ಆ ಮೇಲೆ-ಕೆಳಗಿನ ಸದ್ದು ಅಳಿದು ಹೋಗುತ್ತದೆ. ಮೊನೊ ಕಾಲದ ಎಲ್‌ಪಿಗೆ ಹೊಂದುವ ಮುಳ್ಳಿನ ತುದಿ ಸುಮಾರು 25 ಮೈಕ್ರಾನ್, ಸ್ಟೀರಿಯೊಗೆ 18 ಮೈಕ್ರಾನ್, ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗೆ 75ರ ಆಸುಪಾಸು. 78ರ ತಟ್ಟೆಗೆ ಎಲ್‌ಪಿ ಮುಳ್ಳು ಇಟ್ಟರೆ ಅದು ಗ್ರೂವಿನ ತಳಕ್ಕೆ ಬಿದ್ದು ಬರೀ ಕೊರಕೊರ. ಇನ್ನೊಂದು, ಅರಗಿನ ತಟ್ಟೆಗಳನ್ನು ಆಲ್ಕೊಹಾಲ್ ಬೆರೆತ ದ್ರವದಿಂದ ಒರೆಸಬಾರದು, ಅರಗು ಕರಗುತ್ತದೆ.

1954ರ ಮೊದಲಿನ ಎಲ್‌ಪಿಗಳಲ್ಲಿ ಟ್ರಂಪೆಟ್ ಕಿರಿಕಿರಿ ಅನ್ನಿಸಿದರೆ ತಪ್ಪು ವೃಂದದ್ದಲ್ಲದಿರಬಹುದು. ತಟ್ಟೆ ಕೊರೆಯುವಾಗ ಏರುದನಿಯನ್ನು ಎತ್ತಿ, ನುಡಿಸುವಾಗ ಅಷ್ಟೇ ಇಳಿಸುವುದು ಪದ್ಧತಿ. ಎಷ್ಟು ಎನ್ನುವುದಕ್ಕೆ ಅಮೆರಿಕದ ಮುದ್ರಿಕೆ ಉದ್ಯಮ ಸಂಘದ ಆರ್‌ಐಎಎ ರೇಖೆ 1954ರಲ್ಲಿ ಒಂದೇ ಅಳತೆ ಗೊತ್ತು ಮಾಡಿತು: 10 ಸಾವಿರ ಹರ್ಟ್ಜ್‌ನಲ್ಲಿ 13.7 ಡೆಸಿಬೆಲ್ ಇಳಿಕೆ. ಅದಕ್ಕೂ ಮೊದಲು ಕೊಲಂಬಿಯಾ ಎಲ್‌ಪಿಗಳದ್ದು 16 ಡೆಸಿಬೆಲ್, ಧ್ವನಿ ಎಂಜಿನಿಯರುಗಳ ಸಂಘದ ಎಇಎಸ್ ರೇಖೆಯದ್ದು 12. ಇಂದಿನ ಯಂತ್ರದಲ್ಲಿ ಹಳೆಯ ಕೊಲಂಬಿಯಾ ತಟ್ಟೆ ಹಾಕಿದರೆ ಎರಡು ಡೆಸಿಬೆಲ್‌ಗೂ ಮಿಕ್ಕಿ ಏರುದನಿ ಉಳಿದುಬಿಡುತ್ತದೆ, ಮರಾಕಾ ಮರಳು ಸುರಿದ ಹಾಗೆ ಕೇಳುತ್ತದೆ. ಟ್ರೆಬಲ್ ಗುಂಡಿಯನ್ನು ಅಷ್ಟು ಇಳಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ತಟ್ಟೆಯ ಒಳ ಅಂಚಿನದ್ದು ಈ ಸಂಗೀತಕ್ಕೇ ವಿಶೇಷವಾಗಿ ಕಾಡುವ ತೊಂದರೆ. ನಿಮಿಷಕ್ಕೆ 33⅓ ಸುತ್ತಿನಲ್ಲಿ ಹೊರ ಅಂಚಿನ ಗ್ರೂವ್ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಸರಿಯುತ್ತದೆ, ಒಳ ಅಂಚಿನದ್ದು 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ತುರುಕಿದಂತಾಯಿತು. ಮೆಲ್ಲಗಿನ ಬೊಲೆರೊ ಆ ಜಾಗದಲ್ಲಿದ್ದರೆ ಗೊತ್ತಾಗುತ್ತಿರಲಿಲ್ಲ. ಆದರೆ ಬದಿಯನ್ನು ಅಬ್ಬರದ ಮಾಂಬೊದಿಂದ ಮುಗಿಸುವ ಆಸೆಯನ್ನು ಕಂಪನಿಗಳು ತಡೆದುಕೊಳ್ಳಲಿಲ್ಲ. ಟ್ರಂಪೆಟ್ ಸಾಲು ಅಲ್ಲಿ ಹರಿದು ಕೇಳಿಸಿದರೆ ಮೊದಲು ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಚಿಕ್ಕ ಡಬ್ಬಿ, ಕೂರಿಸಿದ ಕೋನ ನೋಡಿ. ಇದಕ್ಕೆ ಬಳಸುವ ಬೇರ್ವಾಲ್ಡ್ ಲೆಕ್ಕದಲ್ಲಿ ತಟ್ಟೆಯ ನಡುಬಿಂದುವಿನಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ ಕಾರ್ಟ್ರಿಜ್ ಗ್ರೂವಿಗೆ ನೇರ ಇರಬೇಕು. ಆಮೇಲೆ ಮುಳ್ಳಿನ ಭಾರ: ತಯಾರಕರು ಹೇಳಿದ ಮಿತಿಯೊಳಗೆ ಮೇಲ್ತುದಿಗೆ ಹತ್ತಿರವಿರಲಿ. ಭಾರ ಕಡಿಮೆಯಾದರೆ ತಟ್ಟೆ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಗುರ ಮುಳ್ಳು ಹಿಡಿತ ತಪ್ಪಿ ಕುಪ್ಪಳಿಸಿ ಗ್ರೂವಿನ ಗೋಡೆಯನ್ನು ಜಜ್ಜುತ್ತದೆ. ಕೋನವೂ ಭಾರವೂ ಸರಿಯಿದ್ದು ಹೊರ ಅಂಚಿನಲ್ಲೂ ಹರಕು ಕೇಳಿದರೆ ಆ ತಟ್ಟೆ ಹಿಂದಿನ ಯಾರದೋ ಸವೆದ ಮುಳ್ಳಿಗೆ ಬಲಿಯಾಗಿದೆ, ಅದಕ್ಕೆ ಮದ್ದಿಲ್ಲ.

ಇಂದು ಈ ಸಂಗೀತವನ್ನು ಮತ್ತೆ ನುಡಿಸಲು ಹೊರಡುವ ವೃಂದಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ: ಡ್ರಮ್ ಸೆಟ್. ಡ್ರಮ್ಮಿನವರು ಗಂಟೆಯನ್ನೂ ಟಿಂಬಾಲೆಯ ಮೈ ಬಡಿತವನ್ನೂ ಕಾಂಗಾದ ಪೆಟ್ಟನ್ನೂ ತಾವೊಬ್ಬರೇ ನುಡಿಸುತ್ತಾರೆ, ಪಕ್ಕದಲ್ಲಿ ನಿಜವಾದ ಕಾಂಗಾ ಅದನ್ನೇ ನುಡಿಸುತ್ತಿರುತ್ತದೆ. ಎರಡು ಕೈ ಕೂದಲೆಳೆಯಷ್ಟು ಹಿಂದುಮುಂದಾದರೂ ಪೆಟ್ಟಿನ ಮೊನೆ ಮಂಕಾಗುತ್ತದೆ. ಲಯವಾದ್ಯದವರು ಮೂವರಿದ್ದರೆ ಡ್ರಮ್ ಸೆಟ್ ಬೇಡವೇ ಬೇಡ. ಇನ್ನೊಂದು ಜಾಸ್ ಅಭ್ಯಾಸದ ಕೈ. ಎಣಿಕೆಯ ಎರಡನೆಯ ಅರ್ಧವನ್ನು ತೂಗಿಸಿ ತಡಮಾಡುವುದು ಜಾಸಿನಲ್ಲಿ ಸೊಗಸು, ಇಲ್ಲಿ ಎಂಟೂ ಮನೆಗಳು ಸಮನಾಗಿರಬೇಕು. ಸ್ಯಾಕ್ಸ್ ಸಾಲು ತೂಗಿ ನುಡಿಸಿ ಮರಾಕಾ ಸಮನಾಗಿ ನುಡಿಸಿದರೆ ಪ್ರತಿ ಆವರ್ತದಲ್ಲೂ ನಾಲ್ಕು ಕಡೆ ಡಿಕ್ಕಿ.

ಸ್ಯಾಕ್ಸ್‌ಗಳು ಎಲ್ಲರೂ ಒಂದೇ ಸಾಲು ನುಡಿಸುವಾಗ ಸ್ವರವನ್ನು ಅಲುಗಿಸುವ ಕಂಪನ (ವೈಬ್ರೇಟೊ) ಪೂರ್ತಿ ನಿಲ್ಲಿಸಬೇಕು. ಐವರ ಕಂಪನ ಐದು ವೇಗದಲ್ಲಿದ್ದರೆ ಸಾಲು ಕಲಸಿಹೋಗುತ್ತದೆ. ಕಂಪನವಿಲ್ಲದೆ ನುಡಿಸಿದರೆ ಉಳಿಯುವ ಚೂರುಪಾರು ಶ್ರುತಿ ವ್ಯತ್ಯಾಸವೇ ಆ ದಪ್ಪ ಬಣ್ಣ ಕೊಡುತ್ತದೆ. ಬೊಲೆರೊದಲ್ಲಿ ಸ್ವರಮೇಳವಾಗಿ ನುಡಿಸುವಾಗ ಮುಂದಾಳು ಆಲ್ಟೊ (ಏರುದನಿಯ) ಸ್ಯಾಕ್ಸಿನವರ ಕಂಪನವನ್ನು ಉಳಿದವರು ಅನುಸರಿಸಲಿ. ಟ್ರಂಪೆಟ್ಟಿಗೆ ಸ್ಟ್ರೇಟ್ ಅಥವಾ ಹಾರ್ಮನ್ ಮ್ಯೂಟ್ ಹಾಕಿದರೆ ಶ್ರುತಿ ತುಸು ಏರುವುದು ಸಾಮಾನ್ಯ, ಶ್ರುತಿ ಕೊಳವೆಯನ್ನು ಕೆಲವು ಮಿಲಿಮೀಟರ್ ಹೊರಗೆಳೆಯದಿದ್ದರೆ ಮ್ಯೂಟ್ ಇಲ್ಲದ ಟ್ರಾಂಬೋನ್ ಜೊತೆ ಅಪಶ್ರುತಿ ಹುಟ್ಟುತ್ತದೆ. ಮ್ಯೂಟ್ ತೆಗೆದು ಸಿಡಿಯಬೇಕಾದ ಜಾಗಕ್ಕೆ ಬರೆಹದಲ್ಲಿ ಕನಿಷ್ಠ ಎರಡು ಆವರ್ತ ಬಿಡುವು ಇಡಿ. ಪಿಯಾನೊ ಎರಡು ಕೈಯಲ್ಲೂ ಅಷ್ಟಮದ ಅಂತರದಲ್ಲಿ ಒಂದೇ ವಿನ್ಯಾಸವನ್ನು ತಿರುಗಿಸುತ್ತಿರುತ್ತದೆ. ಸ್ಯಾಕ್ಸ್ ಅದೇ ಸ್ಥಾಯಿಗೆ ಬಂದಾಗ ಪಿಯಾನೊ ಸುಮ್ಮನಾಗಬೇಕು. ಇದನ್ನು ಬರೆದಿಡದಿದ್ದರೆ ಯಾರೂ ತಾವಾಗಿ ಸುಮ್ಮನಾಗುವುದಿಲ್ಲ.

ಇಪ್ಪತ್ತು ಜನ ಸಿಗದಿದ್ದರೆ ಹತ್ತು ಜನರಲ್ಲಿ ಇದನ್ನು ನಿಲ್ಲಿಸಬಹುದು: ಎರಡು ಟ್ರಂಪೆಟ್, ಒಂದು ಟ್ರಾಂಬೋನ್, ಆಲ್ಟೊ, ಟೆನರ್ ಮತ್ತು ಬ್ಯಾರಿಟೋನ್ ಸ್ಯಾಕ್ಸ್ ಒಂದೊಂದು, ಪಿಯಾನೊ, ಬೇಸ್, ಕಾಂಗಾ, ಗಂಟೆ ಸಮೇತ ಟಿಂಬಾಲೆ. ಕಾಂಗಾ ಎರಡಿದ್ದರೆ ಅವುಗಳ ನಡುವೆ ಸುಮಾರು ನಾಲ್ಕು ಸ್ವರಗಳ ಅಂತರವಿರಲಿ, ದೊಡ್ಡದು ಬೇಸಿನ ಸ್ಥಾಯಿಗೆ ಇಳಿಯದಷ್ಟು ಬಿಗಿಯಿರಲಿ. ಗುಯಿರೊವನ್ನು ಆ ಹೊತ್ತಿಗೆ ಕೈ ಖಾಲಿ ಇರುವ ಯಾರಿಗೋ ಕೊಡುವುದು ವಾಡಿಕೆ, ಅಲ್ಲೇ ಕೆಲಸ ಕೆಡುವುದು. ಉದ್ದ ಎಳೆತದಲ್ಲಿ ಕಡ್ಡಿಯ ವೇಗ ಶುರುವಿನಲ್ಲಿ ನಿಧಾನ, ಕೊನೆಯಲ್ಲಿ ಚುರುಕು. ಅದನ್ನು ಸಮ ವೇಗದಲ್ಲಿ ಎಳೆಯುವವರು ಬೇಗ ತುದಿ ಮುಟ್ಟಿ, ಮುಂದಿನ ಚುಟುಕು ಎಳೆತಕ್ಕೆ ಆತುರಪಟ್ಟು, ನಾಲ್ಕು ಆವರ್ತದೊಳಗೆ ಇಡೀ ವೃಂದದ ವೇಗವನ್ನು ಏರಿಸಿಬಿಡುತ್ತಾರೆ. ಅಭ್ಯಾಸವಿರುವವರು ಸಿಗದಿದ್ದರೆ ಎರಡನೇ ಟ್ರಂಪೆಟ್ಟನ್ನು ಬಿಟ್ಟು ಆ ಜಾಗಕ್ಕೆ ಒಬ್ಬ ಒಳ್ಳೆಯ ಗುಯಿರೊ ವಾದಕನನ್ನು ತನ್ನಿ.